ಧೋನಿ ನಾಯಕತ್ವ: ನಾವು ನಂಬಿದ್ದೆಷ್ಟು, ನಿಜ ಎಷ್ಟು?

ಮಹೇಂದ್ರ ಸಿಂಗ್ ಧೋನಿಯ ಮಾತು ಬಂದರೆ ಟೀ ಅಂಗಡಿಯಲ್ಲಿ ಸಿಗುವುದು ಎರಡೇ ತೀರ್ಪು: 'ಅವನ ನಸೀಬು ಚೆನ್ನಾಗಿದೆ ಬಿಡ್ರೀ', ಇಲ್ಲವೇ 'ಅವನ ತಲೆ ಅಂದ್ರೆ ಐಸು'. 2007ರ ಟಿ20 ವಿಶ್ವಕಪ್, 2011ರ ಏಕದಿನ ವಿಶ್ವಕಪ್, 2013ರ ಚಾಂಪಿಯನ್ಸ್ ಟ್ರೋಫಿ ಮೂರನ್ನೂ ಗೆದ್ದ ನಾಯಕನಿಗೆ ಇವು ಹೊಗಳಿಕೆಯೇ ಇರಬಹುದು. ಆದರೆ ಎರಡೂ ಅವರ ದುಡಿಮೆಯನ್ನು ಮರೆಮಾಡುತ್ತವೆ.

ತಪ್ಪು ಕಲ್ಪನೆ: ಧೋನಿ ಅದೃಷ್ಟದ ನಾಯಕ.
ಸತ್ಯ: 2007ರ ಸೆಪ್ಟೆಂಬರ್ 14ರಂದು ಡರ್ಬನ್‌ನಲ್ಲಿ ಪಾಕಿಸ್ತಾನದ ಎದುರಿನ ಟಿ20 ವಿಶ್ವಕಪ್ ಪಂದ್ಯ ಟೈ ಆಗಿ, ಬೌಲ್‌ಔಟ್‌ಗೆ ಹೋಯಿತು. ಬ್ಯಾಟರ್ ಇಲ್ಲದ ವಿಕೆಟ್‌ಗೆ ಚೆಂಡು ತಾಗಿಸಬೇಕಿತ್ತು, ಅಷ್ಟೇ. ಸೆಹ್ವಾಗ್, ಹರ್ಭಜನ್, ನಮ್ಮ ರಾಬಿನ್ ಉತ್ತಪ್ಪ ಮೂವರೂ ಉರುಳಿಸಿದರು. ಪಾಕಿಸ್ತಾನದ ಮೂವರೂ ತಪ್ಪಿದರು. ಬೌಲಿಂಗ್ ಕೋಚ್ ಆಗಿದ್ದ ವೆಂಕಟೇಶ್ ಪ್ರಸಾದ್ ಗರಡಿಯಲ್ಲಿ ಭಾರತ ಇದನ್ನು ಮೊದಲೇ ಅಭ್ಯಾಸ ಮಾಡಿತ್ತು. ಇನ್ನೊಂದು ಸಣ್ಣ ಸಂಗತಿ: ಪಾಕಿಸ್ತಾನದ ಕೀಪರ್ ಎಂದಿನಂತೆ ವಿಕೆಟ್‌ನ ಪಕ್ಕಕ್ಕೆ ನಿಂತರೆ, ಧೋನಿ ನೇರ ಹಿಂದೆ ಮಂಡಿಯೂರಿದರು. ಬೌಲರ್ ತನ್ನ ಕೀಪರ್‌ನ ಕೈಗೆ ಹಾಕಿದರೆ ಸಾಕು, ನಡುವೆ ವಿಕೆಟ್ ಇದ್ದೇ ಇತ್ತು.

ತಪ್ಪು ಕಲ್ಪನೆ: ಅವರಿಗೆ ಸಿಟ್ಟೇ ಬರುವುದಿಲ್ಲ.
ಸತ್ಯ: 2019ರ ಏಪ್ರಿಲ್‌ನಲ್ಲಿ ಜೈಪುರದ ಐಪಿಎಲ್ ಪಂದ್ಯದ ಕೊನೆಯ ಓವರ್. ನೋಬಾಲ್ ಎಂದು ಕೈಚಾಚಿದ್ದ ಅಂಪೈರ್ ತೀರ್ಪನ್ನು ಹಿಂದಕ್ಕೆ ಪಡೆದಾಗ, ಔಟಾಗಿ ಹೊರಗೆ ಕೂತಿದ್ದ ಧೋನಿ ಮೈದಾನಕ್ಕೇ ನುಗ್ಗಿ ಅಂಪೈರ್ ಜತೆ ವಾದಕ್ಕಿಳಿದರು. ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡವಾಗಿ ಹೋಯಿತು. ತನಗೂ ಎಲ್ಲರಂತೆ ಸಿಟ್ಟು, ಬೇಸರ ಬರುತ್ತದೆ, ಹಿಡಿತದಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಹಿಡಿತವೂ ಒಮ್ಮೊಮ್ಮೆ ಜಾರುತ್ತದೆ.

ತಪ್ಪು ಕಲ್ಪನೆ: ಕೊನೆಯ ಚೆಂಡಿನ ಚಮತ್ಕಾರಗಳು ಆ ಕ್ಷಣದಲ್ಲಿ ಹೊಳೆದವು.
ಸತ್ಯ: 2016ರ ಮಾರ್ಚ್ 23ರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಟಿ20 ವಿಶ್ವಕಪ್‌ನಲ್ಲಿ ಬಾಂಗ್ಲಾದೇಶಕ್ಕೆ ಕೊನೆಯ ಚೆಂಡಿಗೆ ಬೇಕಿದ್ದುದು 2 ರನ್. ಬೌಲರ್ ಹಾರ್ದಿಕ್ ಪಾಂಡ್ಯ ಜತೆ ಮಾತಾಡಿ, ಫೀಲ್ಡರ್‌ಗಳನ್ನು ಸರಿಹೊಂದಿಸಿ ಬಂದ ಧೋನಿ ಬಲಗೈ ಗ್ಲೌಸ್ ಬಿಚ್ಚಿದರು. ಬ್ಯಾಟರ್‌ಗೆ ಚೆಂಡು ಸಿಗದಿದ್ದರೆ ಬೈ ರನ್ನಿಗೆ ಓಡುತ್ತಾರೆ, ಆಗ ಎಸೆಯಬೇಕಾದ ಕೈ ಬರಿದಾಗಿರಬೇಕೆಂಬ ಲೆಕ್ಕ. ಹಾಗೆಯೇ ಆಯಿತು. ಎಸೆಯುವ ಗೋಜಿಗೂ ಹೋಗದೆ, ಚೆಂಡು ಹಿಡಿದೇ ಓಡಿಬಂದು ಬೇಲ್ಸ್ ಹಾರಿಸಿದರು. ಭಾರತಕ್ಕೆ 1 ರನ್ ಗೆಲುವು. ಟಿವಿಯಲ್ಲಿ ಎಲ್ಲರೂ ಓಟ ನೋಡಿದರು. ಪಂದ್ಯ ಗೆದ್ದದ್ದು ಓಟಕ್ಕೂ ಮುಂಚೆ ಬಿಚ್ಚಿದ ಗ್ಲೌಸ್‌ನಲ್ಲಿ.

ತಪ್ಪು ಕಲ್ಪನೆ: ವಿಶ್ವಕಪ್ಪನ್ನು ಅವರೊಬ್ಬರೇ ಗೆಲ್ಲಿಸಿದರು.
ಸತ್ಯ: 2011ರ ಫೈನಲ್‌ನಲ್ಲಿ ಧೋನಿಯ ಅಜೇಯ 91 ಎಲ್ಲರಿಗೂ ನೆನಪಿದೆ. ಅದೇ ದಿನ ಗಂಭೀರ್ 97 ಹೊಡೆದಿದ್ದರು. ಟೂರ್ನಿಯಲ್ಲಿ ಜಹೀರ್ ಖಾನ್ 21 ವಿಕೆಟ್ ಕಿತ್ತಿದ್ದರು, ಯುವರಾಜ್ ಸರಣಿ ಶ್ರೇಷ್ಠರಾದರು. ಅದೇ ವರ್ಷ ಇಂಗ್ಲೆಂಡಿಗೆ ಹೋದಾಗ ಜಹೀರ್ ಮೊದಲ ಟೆಸ್ಟ್‌ನ ಮೊದಲ ದಿನವೇ ಗಾಯಗೊಂಡರು. ಸರಣಿ 4-0 ಸೋಲಿನಲ್ಲಿ ಮುಗಿಯಿತು. ನಾಯಕ ಧೋನಿಯೇ, ತಲೆಯೂ ಅದೇ. ಅವರು ಮುನ್ನಡೆಸಿದ 60 ಟೆಸ್ಟ್‌ಗಳಲ್ಲಿ ಗೆಲುವು 27, ಸೋಲು 18. ಇದು ಒಳ್ಳೆಯ ನಾಯಕನ ಲೆಕ್ಕ, ಮಾಯಗಾರನ ಲೆಕ್ಕ ಅಲ್ಲ.

ಅನುಭವಿ ನಾಯಕ ಎಂದರೆ ಮುಂದಿನ ಚೆಂಡಿನಲ್ಲಿ ಏನೇನು ಆಗಬಹುದೆಂದು ಎಣಿಸಿಟ್ಟುಕೊಂಡವನು. ಮುಂದಿನ ಸಲ ಕೊನೆಯ ಓವರ್ ನೋಡುವಾಗ ಬೌಲರ್ ಓಡಿಬರುವ ಮೊದಲಿನ ಅರ್ಧ ನಿಮಿಷ ನಾಯಕನ ಮೇಲೆ ಕಣ್ಣಿಡಿ. ಪಂದ್ಯ ಅಲ್ಲಿ ನಡೆಯುತ್ತಿರುತ್ತದೆ.