ಸ್ವಂತ ಪ್ರಕಟಣೆ: ಎಷ್ಟು ಪ್ರತಿ ಮುದ್ರಿಸಬೇಕು?

ವಿದ್ಯುತ್ ಮಗ್ಗದ ದುರಸ್ತಿಯಂತಹ ಸೀಮಿತ ವಿಷಯದ ಪುಸ್ತಕವನ್ನು ಸ್ವತಃ ಪ್ರಕಟಿಸುವವರು, ತಲಾ ವೆಚ್ಚ ಇಳಿಯುವುದೆಂದು ಸಾವಿರ ಪ್ರತಿ ಮುದ್ರಿಸುವುದುಂಟು. ಆದರೆ ಲಾಭವನ್ನು ನಿರ್ಧರಿಸುವುದು ಮಾರಾಟವಾದ ಪ್ರತಿಗಳೇ ಹೊರತು ಮುದ್ರಿತ ಪ್ರತಿಗಳಲ್ಲ.

ಉದಾಹರಣೆಗೆ, ಡಿ.ಟಿ.ಪಿ., ಕರಡು ತಿದ್ದುವಿಕೆ ಹಾಗೂ ಮುಖಪುಟಕ್ಕೆ ರೂ. 30,000 ತಗಲುವುದೆಂದು ಇಟ್ಟುಕೊಳ್ಳಬಹುದು. ಮುದ್ರಣಕ್ಕೆ ತೆರಿಗೆ ಸೇರಿ ತಲಾ ರೂ. 80ರಂತೆ 500 ಪ್ರತಿಗೆ ಒಟ್ಟು ವೆಚ್ಚ ರೂ. 70,000, ತಲಾ ರೂ. 60ರಂತೆ 1,000 ಪ್ರತಿಗೆ ರೂ. 90,000. ಮುಖಬೆಲೆ ರೂ. 300 ಇದ್ದು, ಮಾರಾಟಗಾರರಿಗೆ ಶೇ. 40 ರಿಯಾಯಿತಿ ನೀಡಿದರೆ ಕೈಸೇರುವುದು ರೂ. 180. ಅಸಲು ಹಿಂದಿರುಗಲು ಮೊದಲನೆಯದರಲ್ಲಿ 389 ಪ್ರತಿ, ಎರಡನೆಯದರಲ್ಲಿ 500 ಪ್ರತಿ ಮಾರಾಟವಾಗಬೇಕು. 400 ಪ್ರತಿ ಮಾತ್ರ ಮಾರಾಟವಾದರೆ ಮೊದಲನೆಯದರಲ್ಲಿ ರೂ. 2,000 ಲಾಭ, ಎರಡನೆಯದರಲ್ಲಿ ರೂ. 18,000 ನಷ್ಟ.

ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿ.ಎಸ್.ಟಿ. ವಿನಾಯಿತಿ ಇದೆ. ಆ ಕಾರಣದಿಂದಲೇ ಮುದ್ರಣಕ್ಕೆ ತೆತ್ತ ತೆರಿಗೆಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಅದನ್ನು ವೆಚ್ಚಕ್ಕೇ ಸೇರಿಸಿ ಬೆಲೆ ನಿಗದಿಪಡಿಸತಕ್ಕದ್ದು. ಐ.ಎಸ್.ಬಿ.ಎನ್. ಸಂಖ್ಯೆಗೆ ಮಾತ್ರ ಸರ್ಕಾರಿ ಶುಲ್ಕವಿಲ್ಲ.

ಉದ್ಯಮದ ಸಂಘಗಳ ಮೂಲಕ ಓದುಗರಿಗೆ ನೇರವಾಗಿ ಮಾರಿದಷ್ಟೂ ರಿಯಾಯಿತಿಯ ಹೊರೆ ತಗ್ಗುತ್ತದೆ. ಬೇಡಿಕೆ ಕಂಡುಬಂದಲ್ಲಿ ಮರುಮುದ್ರಣಕ್ಕೆ ಡಿ.ಟಿ.ಪಿ. ವೆಚ್ಚ ಮತ್ತೆ ಬಾರದು. ಆದುದರಿಂದ ಮೊದಲು ಕಡಿಮೆ ಪ್ರತಿ ಮುದ್ರಿಸುವುದೇ ಕ್ಷೇಮಕರ.