ಗಣಕಯಂತ್ರದ ಕೆರೆಯಲ್ಲಿ ನೀರಿನ ಮಟ್ಟವನ್ನು ಅಳೆಯುವ ಕ್ರಮ

ಕೆರೆಯ ಏರಿಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು, ಅದು ಒಡೆದಲ್ಲಿ ಕೆಳಗಣ ಗದ್ದೆಗಳಲ್ಲಿ ಯಾವ ವೇಳೆಗೆ ಎಷ್ಟು ನೀರು ನಿಲ್ಲುವುದು ಎಂಬಿವನ್ನು ಮುಂಚಿತವಾಗಿ ತಿಳಿಯಲು ಎಂಜಿನಿಯರುಗಳು ಈಗ ಗಣಕಯಂತ್ರದ ಸಹಾಯವನ್ನು ಪಡೆಯುವುದುಂಟು. ಅಂಥ ಲೆಕ್ಕಗಳ ಒಂದು ಬಗೆಯಲ್ಲಿ ನೀರನ್ನು ಅಸಂಖ್ಯಾತ ಕಣಗಳ ರಾಶಿಯೆಂದು ಭಾವಿಸಿ, ಪ್ರತಿಯೊಂದು ಕಣವೂ ನೆರೆಯ ಕಣಗಳ ಒತ್ತಡಕ್ಕೂ ಭೂಮಿಯ ಆಕರ್ಷಣೆಗೂ ಒಳಪಟ್ಟು ಹೇಗೆ ಚಲಿಸುವುದೆಂದು ಕ್ಷಣಕ್ಷಣಕ್ಕೂ ಗಣಿಸುವರು. ಈ ವಿಧಾನವನ್ನು 1977ರಲ್ಲಿ ಲೂಸಿ ಎಂಬವರೂ, ಅವರಿಂದ ಬೇರೆಯಾಗಿ ಗಿಂಗೋಲ್ಡ್ ಮತ್ತು ಮೊನಾಗನ್ ಎಂಬವರೂ ನಕ್ಷತ್ರಗಳ ವಿಚಾರಕ್ಕಾಗಿ ಕಲ್ಪಿಸಿದರು. 1994ರಲ್ಲಿ ಮೊನಾಗನ್ನರು ಅದನ್ನು ತೆರೆದ ಮೇಲ್ಮೈಯುಳ್ಳ ನೀರಿನ ಹರಿವಿಗೆ ಅನ್ವಯಿಸಿದರು. ಆಕಾಶದ ಗಣಿತವು ಕೆರೆಗಿಳಿದುದು ವಿಚಿತ್ರವೇ ಸರಿ.

ಆದರೆ ಈ ಕಣಗಳ ಕೆರೆಯಲ್ಲಿ ಅಡಿ ಅಂಗುಲಗಳ ಗುರುತುಳ್ಳ ಅಳತೆಗಲ್ಲನ್ನು ನೆಡುವಂತಿಲ್ಲ. ಒಂದು ಸ್ಥಳದಲ್ಲಿ ಎಲ್ಲಕ್ಕಿಂತ ಮೇಲಿರುವ ಕಣದ ಎತ್ತರವನ್ನೇ ನೀರಿನ ಮಟ್ಟವೆಂದು ಎಣಿಸಿದರೆ ಸಾಲದೆ? ಸಾಲದು. ಅಲೆಯು ಏರಿಯ ಕಲ್ಲುಕಟ್ಟಡಕ್ಕೆ ಅಪ್ಪಳಿಸಿದಾಗ ಸಿಡಿದ ಹನಿಯು ಎಂಟು ಅಡಿ ಮೇಲಕ್ಕೆ ಹಾರಬಹುದು. ಅಷ್ಟರಿಂದ ಕೆರೆಯೇ ಎಂಟು ಅಡಿ ಏರಿತೆಂದು ಹೇಳುವ ನೀರುಗಂಟಿ ಯಾವನೂ ಇರಲಾರನು.

ಆದಕಾರಣ, ಮಟ್ಟ ಬೇಕಾದ ಸ್ಥಳದಲ್ಲಿ ನೆಟ್ಟಗೆ ನಿಂತ ಒಂದು ಗೆರೆಯನ್ನು ಕಲ್ಪಿಸಿ, ಅದರ ಮೇಲೆ ಒತ್ತೊತ್ತಾಗಿ ಬಿಂದುಗಳನ್ನು ಗುರುತಿಸಿ, ಪ್ರತಿ ಬಿಂದುವಿನ ಸುತ್ತ ಗೊತ್ತಾದ ಅಂತರದೊಳಗಿರುವ ಕಣಗಳ ತೂಕವನ್ನು ಕೂಡಿಸುವರು. ಸಮೀಪದ ಕಣಕ್ಕೆ ಹೆಚ್ಚು ಬೆಲೆ, ದೂರದ್ದಕ್ಕೆ ಕಡಿಮೆ. ನೀರಿನೊಳಗಿನ ಬಿಂದುವಿಗೆ ಮೊತ್ತವು ಪೂರ್ಣವಾಗಿಯೂ, ಗಾಳಿಯಲ್ಲಿರುವ ಬಿಂದುವಿಗೆ ಸೊನ್ನೆಯಾಗಿಯೂ ಬರುವುದು. ಮೇಲ್ಮೈಯಲ್ಲಿ ಕೆಳಗಡೆ ಮಾತ್ರ ಕಣಗಳಿರುವುದರಿಂದ ಮೊತ್ತವು ಸುಮಾರು ಅರ್ಧವಾಗುವುದು. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋದಂತೆ ಮೊತ್ತವು ಎಲ್ಲಿ ಅರ್ಧಕ್ಕಿಳಿಯುವುದೋ ಅದೇ ನೀರಿನ ಮಟ್ಟ. ಒಂಟಿ ಹನಿಯು ಈ ಲೆಕ್ಕವನ್ನು ಕೆಡಿಸಲಾರದು. ಅಲೆಯು ಮಗುಚಿ ಬೀಳುವಲ್ಲಿ ಮಾತ್ರ ಒಂದೇ ಗೆರೆಯ ಮೇಲೆ ಎರಡು ಮೂರು ಮಟ್ಟಗಳು ದೊರೆಯುವುವು. ಅವುಗಳಲ್ಲಿ ಯಾವುದನ್ನು ಹಿಡಿದರೆಂಬುದನ್ನು ಲೆಕ್ಕ ಮಾಡಿದವರು ಬರೆದಿಡತಕ್ಕದ್ದು.

ಅಳೆಯುವ ಕಾಲಾಂತರವೂ ಮುಖ್ಯವೇ. ಎರಡು ಸೆಕೆಂಡಿಗೊಮ್ಮೆ ಬರುವ ಅಲೆಯನ್ನು ಎರಡು ಸೆಕೆಂಡಿಗೊಮ್ಮೆಯೇ ಅಳೆದರೆ ಪ್ರತಿಸಲವೂ ಒಂದೇ ಮಟ್ಟ ಕಂಡು, ಅಲೆಯೆದ್ದ ಕೆರೆಯು ನಿಶ್ಚಲವಾಗಿರುವಂತೆ ತೋರುವುದು. ಸೆಕೆಂಡಿಗೆ ಹತ್ತಿಪ್ಪತ್ತು ಬಾರಿ ಅಳೆದರೆ ಇಂಥ ಅಲೆಯ ಏರಿಳಿತವೆಲ್ಲವೂ ಸಿಕ್ಕುವುದು.

ಲೆಕ್ಕವು ನಂಬಿಕೆಗೆ ಅರ್ಹವೋ ಎಂಬುದನ್ನು ಪರೀಕ್ಷಿಸಲು ಒಂದು ಹಳೆಯ ಒರೆಗಲ್ಲುಂಟು. ಸಮತಟ್ಟಾದ ಉದ್ದನೆಯ ಒಣಕಾಲುವೆಯಲ್ಲಿ ನೀರು ತಡೆದ ಕಟ್ಟೆಯು ಒಮ್ಮೆಗೇ ಇಲ್ಲವಾದರೆ, ನೆಲದ ಘರ್ಷಣೆಯನ್ನು ಗಣಿಸದಿರುವ ಪಕ್ಷದಲ್ಲಿ, ಕಟ್ಟೆಯಿದ್ದ ಸ್ಥಳದಲ್ಲಿ ನೀರಿನ ಆಳವು ಮೊದಲಿನ ಆಳದ ಒಂಬತ್ತರಲ್ಲಿ ನಾಲ್ಕು ಪಾಲಿಗಿಳಿದು ನಿಲ್ಲುವುದೆಂದು 1892ರಲ್ಲಿ ರಿಟರ್ ಎಂಬವರು ಗಣಿತದಿಂದ ತೋರಿಸಿದರು. ಎಂದರೆ 9 ಅಡಿ ನೀರಿದ್ದಲ್ಲಿ 4 ಅಡಿ. ಮೊದಲ ಕೆಲವು ಕ್ಷಣಗಳು ಕಳೆದ ಮೇಲೂ ಕಣಗಳ ಲೆಕ್ಕವು ಈ ಮಟ್ಟಕ್ಕೆ ಸಮೀಪವಾಗದಿದ್ದರೆ ಲೆಕ್ಕದಲ್ಲಿ ಏನೋ ಕೊರತೆಯುಂಟೆಂದು ತಿಳಿಯಬೇಕು. ಸಮೀಪವಾದರೂ, ಕಣಕ್ಕೂ ಕಣಕ್ಕೂ ಅರ್ಧ ಅಡಿ ಅಂತರವಿಟ್ಟು ಮಾಡಿದ ಲೆಕ್ಕವನ್ನು ನೆಚ್ಚಿ ಏರಿಯ ಎತ್ತರದಲ್ಲಿ ಮೂರಂಗುಲ ಮಣ್ಣನ್ನು ಉಳಿಸಹೊರಡುವುದು ಸಲ್ಲದು.