‘ಸಂಸ್ಕಾರ’ ಚಲಚ್ಚಿತ್ರದಲ್ಲಿ ಶೋಕ ಮತ್ತು ಜುಗುಪ್ಸೆ

ಕರುಣಕ್ಕೆ ಶೋಕವೂ ಬೀಭತ್ಸಕ್ಕೆ ಜುಗುಪ್ಸೆಯೂ ಭಯಾನಕಕ್ಕೆ ಭಯವೂ ಸ್ಥಾಯಿಭಾವಗಳೆಂದು ಭರತನು ನಾಟ್ಯಶಾಸ್ತ್ರದಲ್ಲಿ ವಿಭಾಗಿಸಿರುವುದು ವಿದ್ವಾಂಸರಿಗೆ ವಿದಿತವಾದುದೇ. ಸಾವು ಸಂಭವಿಸಿದ ಮನೆಯಲ್ಲಿ ಮೊದಲು ಹುಟ್ಟಬೇಕಾದುದು ಶೋಕ. ಅದು ಹುಟ್ಟದೆ ಹೋದಲ್ಲಿ ಅದರ ಸ್ಥಾನವನ್ನು ಜುಗುಪ್ಸೆಯೂ ಭಯವೂ ಹೇಗೆ ಆಕ್ರಮಿಸುವುವೆಂಬುದಕ್ಕೆ ‘ಸಂಸ್ಕಾರ’ವು ಒಳ್ಳೆಯ ನಿದರ್ಶನವಾಗಿದೆ.

ಯು. ಆರ್. ಅನಂತಮೂರ್ತಿಯವರ ಕಾದಂಬರಿಯು 1965ರಲ್ಲಿ ಪ್ರಕಟವಾಯಿತು. ಪಟ್ಟಾಭಿರಾಮ ರೆಡ್ಡಿಯವರು ಅದನ್ನು 1970ರಲ್ಲಿ ಚಲಚ್ಚಿತ್ರವಾಗಿಸಿದರು. ಚಿತ್ರಕಥೆಯೂ ಪ್ರಾಣೇಶಾಚಾರ್ಯರ ಪಾತ್ರವೂ ಗಿರೀಶ ಕಾರ್ನಾಡರವು; ಚಂದ್ರಿಯ ಪಾತ್ರ ಸ್ನೇಹಲತಾ ರೆಡ್ಡಿಯವರದು, ನಾರಣಪ್ಪನದು ಪಿ. ಲಂಕೇಶರದು. ಮದರಾಸಿನ ಸೆನ್ಸಾರ್ ಮಂಡಲಿಯು ಪ್ರದರ್ಶನಕ್ಕೆ ಅನುಮತಿಯನ್ನು ನಿರಾಕರಿಸಿತು. ಕೇಂದ್ರ ಸರ್ಕಾರವು ಆ ನಿಷೇಧವನ್ನು ತೆಗೆದುಹಾಕಿದ ಮೇಲೆ ಅದೇ ಚಿತ್ರವು 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಆಕ್ಷೇಪಿಸಿದವರ ದೃಷ್ಟಿಯೆಲ್ಲವೂ ಬ್ರಾಹ್ಮಣ್ಯದ ವಿಡಂಬನೆಯಲ್ಲಿಯೇ ನಿಂತಿತು. ಕಥೆಯ ದಾರುಣತೆ ಇರುವುದು ಬೇರೆಡೆಯಲ್ಲಿ.

ನಾರಣಪ್ಪನು ಸತ್ತಿದ್ದಾನೆ. ಹೆಣವೆದ್ದ ಹೊರತು ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಆದುದರಿಂದ ದುರ್ವಾಸಪುರದವರಿಗೆ ಸತ್ತವನ ಚಿಂತೆಗಿಂತ ಹಸಿವಿನ ಚಿಂತೆ ಹೆಚ್ಚು. ಬಂಧುಗಳೆನಿಸಿದವರು ಸಂಸ್ಕಾರಕ್ಕೆ ಒಲ್ಲೆವೆನ್ನುತ್ತಾರೆ. ಚಂದ್ರಿಯು ಮೈಮೇಲಿನ ಒಡವೆಗಳನ್ನು ಕಳಚಿ ಮುಂದಿಟ್ಟೊಡನೆ ಅವರ ಮನಸ್ಸು ಓಲಾಡುತ್ತದೆ. ಆ ಚಿನ್ನದ ರಾಶಿ ಹೆಣಕ್ಕಿಂತ ಹೇಸಿಗೆಯ ವಸ್ತುವಾಗಿ ತೋರುವುದು ಕಥನದ ಸಾಮರ್ಥ್ಯ. ಹೀಗಿರುವಲ್ಲಿ ನಿಜವಾಗಿ ದುಃಖಿಸುವವಳು ಅವಳೊಬ್ಬಳೇ. ಆದರೆ ಅವಳು ಕೈಹಿಡಿದವಳಲ್ಲ, ಇಟ್ಟುಕೊಂಡವಳು. ಶಾಸ್ತ್ರವು ಯಾರಿಗೆ ಸೂತಕವನ್ನು ವಿಧಿಸುವುದೋ ಅವರಲ್ಲಿ ಶೋಕವಿಲ್ಲ. ಶೋಕವಿರುವವಳಿಗೆ ಸೂತಕದ ಅಧಿಕಾರವಿಲ್ಲ.

ಎದುರುಮನೆಯ ದಾಂಪತ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಭಾಗೀರಥಿಯನ್ನು ತಿಳಿದೇ ವರಿಸಿದವರು. ಆಕೆಗೆ ಸ್ನಾನಮಾಡಿಸಿ ಗಂಜಿ ಕುಡಿಸುವುದು ಅವರಿಗೆ ಮೋಕ್ಷಸಾಧನೆ. ಆಚಾರ್ಯರ ಕರುಣೆ ಕಪಟವೆನ್ನಲಾಗದು. ಆದರೂ ಹೆಂಡತಿಯು ಅಲ್ಲಿ ಹೆಂಡತಿಯಾಗಿಲ್ಲ, ತಪಸ್ಸಿನ ಉಪಕರಣವಾಗಿದ್ದಾಳೆ. ವಿಧಿವತ್ತಾದ ಮದುವೆಯಲ್ಲಿ ಕಾಣದ ಸಂಗವು ಮದುವೆಯಿಲ್ಲದ ಮನೆಯಲ್ಲಿತ್ತೆಂಬ ಅರಿವೇ ಆಚಾರ್ಯರನ್ನು, ಕಾಡಿನ ಆ ರಾತ್ರಿಯ ತರುವಾಯ, ಹೆಣದ ನಾತಕ್ಕಿಂತ ಹೆಚ್ಚಾಗಿ ಬೆದರಿಸುತ್ತದೆ. ಪ್ಲೇಗಿನ ಇಲಿಗಳೂ ಮನೆಯ ಮೇಲೆ ಕೂರುವ ಹದ್ದುಗಳೂ ಆ ಭಯಕ್ಕೆ ಉದ್ದೀಪನವಿಭಾವಗಳು ಮಾತ್ರ.

ಕಾದಂಬರಿಯಲ್ಲಿ ಕೊನೆಗೆ ಶವವನ್ನು ಸುಡುವುದು ಪಂಡಿತರ ನಿರ್ಣಯವಲ್ಲ. ಚಂದ್ರಿಯ ಮೊರೆಗೆ ಓಗೊಟ್ಟ ಮೀನಿನ ವ್ಯಾಪಾರಿಯಾದ ಮುಸಲ್ಮಾನನೊಬ್ಬನು ರಾತ್ರಿಯಲ್ಲಿ ಅದನ್ನು ಗಾಡಿಯಲ್ಲಿ ಸಾಗಿಸಿ ದಹನಮಾಡುತ್ತಾನೆ. ಅಗ್ರಹಾರಕ್ಕೆ ಆ ಸಂಗತಿಯೇ ತಿಳಿಯದು. ಚಂದ್ರಿಯು ಕುಂದಾಪುರದ ದಾರಿ ಹಿಡಿಯುತ್ತಾಳೆ. ಭಾಗೀರಥಿಯೂ ಪ್ಲೇಗಿಗೆ ತುತ್ತಾಗುತ್ತಾಳೆ. ಆಕೆಯನ್ನು ಬೆಂಕಿಗೆ ಒಪ್ಪಿಸಿದ ಆಚಾರ್ಯರು ಮನೆಗೆ ಹಿಂದಿರುಗದೆ, ಎತ್ತಲೆಂದು ತಿಳಿಯದೆ, ನಡೆಯತೊಡಗುತ್ತಾರೆ.